ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆ

2012ರ ನವೆಂಬರ್ 14ರಂದು ಜಾರಿಗೆ ಬಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ, ಶಿಕ್ಷೆಯ ಪ್ರಮಾಣಕ್ಕಿಂತಲೂ ಮಗುವಿನ ಹೇಳಿಕೆಯನ್ನು ಪಡೆಯುವ ಕ್ರಮವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 24ನೇ ಸೆಕ್ಷನ್ ಪ್ರಕಾರ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ದಾಖಲಿಸಿಕೊಳ್ಳಬೇಕು. ರಾತ್ರಿ ವೇಳೆ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ವಿಚಾರಣೆಯಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸದೆ, ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರ ಮೂಲಕವೇ ಕೇಳಿಸಬೇಕು. ಇದರಿಂದ ಆರೋಪಿಯ ಹಕ್ಕಿಗೆ ಕುಂದಿಲ್ಲ: ಪಾಟೀಸವಾಲಿಗೆ ಅವಕಾಶ ಇದ್ದೇ ಇದೆ, ಬೆದರಿಸುವುದಕ್ಕೆ ಮಾತ್ರ ಇಲ್ಲ. ವಿಶೇಷ ನ್ಯಾಯಾಲಯವು ಅಪರಾಧವನ್ನು ಪರಿಗಣನೆಗೆ ತೆಗೆದುಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕೆಂಬ ಗಡುವು ತಪ್ಪಿದಾಗ, ಮರೆಯಬೇಕಾದದ್ದನ್ನೇ ಮಗು ನೆನಪಿಟ್ಟುಕೊಂಡು ಕಾಯಬೇಕಾಗುತ್ತದೆ. ಆದ್ದರಿಂದಲೇ ವಿಳಂಬದ ಕಾರಣವನ್ನು ನ್ಯಾಯಾಲಯ ಬರೆದಿಡಬೇಕೆಂಬ 35ನೇ ಸೆಕ್ಷನ್ನಿನ ಮಾತನ್ನು ಬರೀ ಔಪಚಾರಿಕತೆಯೆಂದು ನಾನು ಎಣಿಸುವುದಿಲ್ಲ.