ಕೋಟೆಯ ಅಡುಗೆಮನೆಯಲ್ಲಿ

ನಾನು ಓದಿದ ಕಾಲೇಜಿನ ಮ್ಯಾಗಜೀನಿಗೆ ಏನಾದರೂ ಬರೆದು ಕಳಿಸು ಅಂತ ಮೇಡಂ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಬಯೋಕೆಮಿಸ್ಟ್ರಿ ಲ್ಯಾಬಿನ ಕಿಟಕಿ ಪಕ್ಕದ ಸಿಂಕು. ಎರಡನೇ ವರ್ಷದಲ್ಲಿ ಅಲ್ಲೇ ನಿಂತು ಉಳ್ಳಾಗಡ್ಡಿಯಿಂದ ಡಿಎನ್‌ಎ ತೆಗೆದಿದ್ದೆವು. ಅರೆದ ಉಳ್ಳಾಗಡ್ಡಿ, ಪಾತ್ರೆ ತೊಳೆಯುವ ಸೋಪಿನ ನೀರು, ಉಪ್ಪು, ಕೊನೆಗೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಆಲ್ಕೋಹಾಲ್. ಟ್ಯೂಬಿನಲ್ಲಿ ಬಿಳಿ ಎಳೆಗಳು ಮೆಲ್ಲಗೆ ಮೇಲೆದ್ದು ಬಂದವು. ನಾವೆಲ್ಲ ಗಾಜಿನ ಕಡ್ಡಿಗೆ ಸುತ್ತಿಕೊಂಡು ನೋಡುತ್ತಿದ್ದಾಗ ಮೇಡಂ ಅಂದರು, "ಇದನ್ನ ಮೊದಲು ಬೇರೆ ಮಾಡಿದವನಿಗೆ ನಿಮಗಿಂತ ನಾಲ್ಕೈದು ವರ್ಷ ಜಾಸ್ತಿ ವಯಸ್ಸು, ಅಷ್ಟೇ. ಅವನ ಲ್ಯಾಬು ಒಂದು ಕೋಟೆಯ ಅಡುಗೆಮನೆ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಎಂ.ಎಸ್ಸಿ.ಗೆ ಹೊರದೇಶದಲ್ಲಿ ಅರ್ಜಿ ಹಾಕುವಾಗ ಪಟ್ಟಿಯ ಮೊದಲ ಸಾಲಿನಲ್ಲೇ ಆ ಕೋಟೆ ಇರುವ ಊರು, ಟ್ಯೂಬಿಂಗೆನ್ ಅಂತ ಬರೆದೆ. ಸೀಟು ಸಿಕ್ಕಿತು. ಎರಡು ವರ್ಷ ಅಲ್ಲಿದ್ದೆ.

ಟ್ಯೂಬಿಂಗೆನ್ ಇರುವುದು ಜರ್ಮನಿಯ ತೆಂಕಣ ಭಾಗದಲ್ಲಿ, ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸುಮಾರು 90 ಸಾವಿರ ಜನರ ಊರು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ, ಅಂದರೆ ನಮ್ಮಲ್ಲಿ ವಿಜಯನಗರ ಇದ್ದ ಕಾಲ. ಸ್ಟೇಷನ್ನಿನಿಂದ ನಡೆದು ಹೋದರೆ ನೆಕ್ಕಾರ್ ನದಿಯ ಸೇತುವೆ ಸಿಗುತ್ತದೆ. ಸೇತುವೆ ಮೇಲೆ ನಿಂತರೆ ಎದುರಿಗೆ ನೀರಿನಂಚಿಗೇ ಒತ್ತಾಗಿ ನಿಂತ ಹಳೇ ಮನೆಗಳು, ಹಳದಿ ಬಣ್ಣದ ಒಂದು ದುಂಡು ಗೋಪುರ, ಅವುಗಳ ಹಿಂದೆ ಮೇಲುಗಡೆ ಗುಡ್ಡದ ನೆತ್ತಿಯಲ್ಲಿ ಕೋಟೆ. ಹೋಹೆನ್‌ಟ್ಯೂಬಿಂಗೆನ್ ಅಂತ ಅದರ ಹೆಸರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ಊರುಗಳು ಬಾಂಬಿಗೆ ಸಿಕ್ಕಿ ಹಾಳಾದವು, ಈ ಊರು ಹೆಚ್ಚುಕಡಿಮೆ ಹಾಗೇ ಉಳಿಯಿತು. ಹಾಗಾಗಿ ಅಲ್ಲಿನ ಓಣಿಗಳಲ್ಲಿ ನಡೆಯುವಾಗ ಕಾಣುವುದು ನಿಜವಾಗಿಯೂ ಹಳೇ ಊರೇ.

ಆ ಹಳದಿ ಗೋಪುರದಲ್ಲಿ ಕವಿ ಹ್ಯೋಲ್ಡರ್ಲಿನ್ 36 ವರ್ಷ ಇದ್ದರು. ಮನಸ್ಸು ಕದಡಿಹೋಗಿದ್ದ ಅವರನ್ನು 1807ರಲ್ಲಿ ತ್ಸಿಮ್ಮರ್ ಅನ್ನೋ ಬಡಗಿ ತನ್ನ ಮನೆಗೆ ಕರೆದುಕೊಂಡು ಬಂದ. ಆತ ತೀರಿಕೊಂಡ ಮೇಲೂ ಆ ಮನೆಯವರು ಕವಿಯನ್ನು ಕೊನೆಯವರೆಗೆ ನೋಡಿಕೊಂಡರು. ಕವಿಯ ಹೆಸರು ಎಲ್ಲರಿಗೂ ಗೊತ್ತು. ನನಗೆ ಮಾತ್ರ ಆ ಸೇತುವೆ ದಾಟುವಾಗಲೆಲ್ಲ ನೆನಪಾಗುತ್ತಿದ್ದದ್ದು ಬಡಗಿಯ ಮನೆಯವರು.

ನಮ್ಮ ಕ್ಲಾಸುಗಳು ಕೋಟೆಯಲ್ಲಿ ಇರಲಿಲ್ಲ. ವಿಜ್ಞಾನ ವಿಭಾಗಗಳೆಲ್ಲ ಈಗ ಮೋರ್ಗೆನ್‌ಶ್ಟೆಲ್ಲೆ ಅನ್ನೋ ಇನ್ನೊಂದು ಗುಡ್ಡದ ಮೇಲಿವೆ, ಕಾಂಕ್ರೀಟಿನ ದೊಡ್ಡ ದೊಡ್ಡ ಕಟ್ಟಡಗಳು. ಮೊದಲ ಚಳಿಗಾಲ ನನಗೆ ಕಷ್ಟವಾಯಿತು. ನಾಲ್ಕೂವರೆಗೆಲ್ಲ ಕತ್ತಲು. ಭಾಷೆ ಬಾಯಿಗೆ ಬರುತ್ತಿರಲಿಲ್ಲ, ಅದರಲ್ಲೂ ಅಲ್ಲಿನ ಶ್ವಾಬಿಶ್ ಆಡುಮಾತು ಪುಸ್ತಕದ ಜರ್ಮನ್‌ಗಿಂತ ಬೇರೆಯೇ. ಲ್ಯಾಬಿನಲ್ಲಿ ಒಂದೇ ಪ್ರಯೋಗ ಮೂರು ಸಲ ಕೆಟ್ಟಿತು. ನಾಲ್ಕನೇ ಸಲ ಮಾಡುವ ಮೊದಲು ಒಂದು ಶನಿವಾರ ಸುಮ್ನೆ ಕೋಟೆ ಹತ್ತಿದೆ.

ಹತ್ತುವ ದಾರಿಗೆ ಬುರ್ಗ್‌ಶ್ಟೈಗೆ ಅಂತಾರೆ, ಕಲ್ಲು ಹಾಸಿದ ಕಡಿದಾದ ಏರು. ಕೊನೆಗೆ ಕೆತ್ತನೆಯ ದೊಡ್ಡ ಬಾಗಿಲು. ಒಳಗೆ ಅಂಗಳ, ನಾಲ್ಕೂ ಕಡೆ ಕಟ್ಟಡ. ಈ ಕೋಟೆಯ ಹೆಸರು 1078ರಷ್ಟು ಹಿಂದೆಯೇ ದಾಖಲೆಯಲ್ಲಿ ಸಿಗುತ್ತದೆ, ಈಗ ಕಾಣುವ ರೂಪ ಜಾಸ್ತಿ 16ನೇ ಶತಮಾನದ್ದು. 1816ರಲ್ಲಿ ವ್ಯುರ್ಟೆಂಬೆರ್ಗ್‌ನ ರಾಜ ಇಡೀ ಕೋಟೆಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟ. ಆಮೇಲೆ ಒಂದು ಗೋಪುರದಲ್ಲಿ ನಕ್ಷತ್ರ ನೋಡುವ ಕೋಣೆ, ಸರದಾರರ ಸಭಾಂಗಣದಲ್ಲಿ ಗ್ರಂಥಾಲಯ, ಅಡುಗೆಮನೆಯಲ್ಲಿ ರಸಾಯನಶಾಸ್ತ್ರದ ಲ್ಯಾಬು. ಕೈಗೆ ಸಿಕ್ಕ ಜಾಗವನ್ನೆಲ್ಲ ಓದಿಗೆ ಹಚ್ಚಿದರು.

ಆ ಅಡುಗೆಮನೆ ಈಗ ಸಣ್ಣ ಮ್ಯೂಸಿಯಂ. ಕಮಾನಿನ ಚಾವಣಿ, ದಪ್ಪ ಗೋಡೆ, ಗೋಡೆಯೊಳಗೆ ಆಳದಲ್ಲಿ ಕೂತ ಕಿಟಕಿಗಳು. ಪಾಠದಲ್ಲಿ ಎರಡೇ ಸಾಲು ಇದ್ದ ಫ್ರೀಡ್ರಿಖ್ ಮೀಶರ್ ಇಲ್ಲೇ ನಿಂತು ಕೆಲಸ ಮಾಡಿದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಹುಡುಗ, 1844ರಲ್ಲಿ ಹುಟ್ಟಿದವನು. ವೈದ್ಯಕೀಯ ಓದಿದ್ದ, ಆದರೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ರೋಗಿಗಳನ್ನು ನೋಡುವ ಕೆಲಸ ಬೇಡ ಅಂತ ಸಂಶೋಧನೆಗೆ ಬಂದ. 1868ರಲ್ಲಿ ಟ್ಯೂಬಿಂಗೆನ್‌ಗೆ ಬಂದು ಹೊಪ್ಪೆ-ಸೈಲರ್ ಹತ್ತಿರ ಸೇರಿಕೊಂಡ. ರಕ್ತದ ಕೆಂಪು ವಸ್ತುವಿಗೆ ಹಿಮೊಗ್ಲೋಬಿನ್ ಅಂತ ಹೆಸರಿಟ್ಟವರು ಈ ಗುರುಗಳೇ. ಗುರುಗಳ ಲ್ಯಾಬು ಹಿಂದೆ ಕೋಟೆಯ ಬಟ್ಟೆ ಒಗೆಯುವ ಮನೆಯಾಗಿತ್ತು, ಶಿಷ್ಯನದು ಅಡುಗೆಮನೆ.

ಮೀಶರ್‌ಗೆ ಬೇಕಾಗಿದ್ದದ್ದು ಬಿಳಿ ರಕ್ತಕಣಗಳು. ಅವು ಹೇರಳವಾಗಿ ಸಿಗುವುದು ಕೀವಿನಲ್ಲಿ. ಹತ್ತಿರದ ಶಸ್ತ್ರಚಿಕಿತ್ಸೆಯ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿ ತೆಗೆದ ಬಟ್ಟೆಗಳನ್ನು ತರಿಸಿಕೊಂಡ. ವಾಸನೆ ಬಂದದ್ದು, ಕೆಟ್ಟದ್ದು ಎಲ್ಲ ಎಸೆದು ಉಳಿದದ್ದನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೊಳೆದು ಕಣಗಳನ್ನು ಬೇರೆ ಮಾಡಿದ. ಆ ಕಣಗಳೊಳಗಿನ ಬೀಜಭಾಗವನ್ನು, ಅಂದರೆ ನ್ಯೂಕ್ಲಿಯಸ್ಸನ್ನು ಬಿಡಿಸಬೇಕಿತ್ತು. ಅದಕ್ಕೆ ಹಂದಿಯ ಹೊಟ್ಟೆಯಿಂದ ತಾನೇ ಪೆಪ್ಸಿನ್ ತೆಗೆದು ಸುತ್ತಲಿನ ಪ್ರೋಟೀನನ್ನು ಕರಗಿಸಿದ. ಕೊನೆಗೆ ಉಳಿದ ವಸ್ತು ಕ್ಷಾರದಲ್ಲಿ ಕರಗುತ್ತಿತ್ತು, ಆಮ್ಲ ಹಾಕಿದರೆ ಮತ್ತೆ ಬಿಳಿಯಾಗಿ ಕೆಳಗೆ ಕೂರುತ್ತಿತ್ತು. ಅದರಲ್ಲಿ ರಂಜಕ ಜಾಸ್ತಿ. ಪ್ರೋಟೀನಿನ ಹಾಗೆ ಇಲ್ಲವೇ ಇಲ್ಲ. ನ್ಯೂಕ್ಲಿಯಸ್ಸಿನಿಂದ ಬಂದದ್ದಕ್ಕೆ ನ್ಯೂಕ್ಲೀನ್ ಅಂತ ಹೆಸರಿಟ್ಟ. ಅದು 1869. ನಾವು ಇವತ್ತು ಡಿಎನ್‌ಎ ಅನ್ನುವುದು ಅದನ್ನೇ.

ಮುಂದಿನ ಸಂಗತಿ ನನಗೆ ಇನ್ನೂ ಇಷ್ಟ. ಹೊಪ್ಪೆ-ಸೈಲರ್ ಅದನ್ನು ಕೂಡಲೇ ಅಚ್ಚು ಹಾಕಿಸಲಿಲ್ಲ. ಶಿಷ್ಯ ಮಾಡಿದ ಪ್ರಯೋಗಗಳನ್ನು ತಾನೇ ಮೊದಲಿಂದ ಮಾಡಿ ನೋಡಿದರು. ನಿಜ ಅಂತ ಖಾತ್ರಿಯಾದ ಮೇಲೆ 1871ರಲ್ಲಿ ತಮ್ಮ ಪತ್ರಿಕೆಯಲ್ಲಿ ಹಾಕಿದರು. ಎರಡು ವರ್ಷ ಕಾಯುವುದು ಆ ಹುಡುಗನಿಗೆ ಎಷ್ಟು ಕಷ್ಟವಾಗಿರಬೇಕು ಅಲ್ವಾ. ಆದರೂ ಗುರುಗಳು ಮಾಡಿದ್ದೇ ಸರಿ ಅಂತ ನನಗನ್ನಿಸುತ್ತದೆ. ಪೆನ್ಸಿಲ್ ಹಿಡಿದು ನಮ್ಮ ರೆಕಾರ್ಡ್ ಬುಕ್ಕಿನ ಒಂದೊಂದು ರೀಡಿಂಗನ್ನೂ ತಾವೇ ಮತ್ತೆ ಲೆಕ್ಕ ಹಾಕುತ್ತಿದ್ದ ನಮ್ಮ ಮೇಡಂ ಅಲ್ಲಿ ಕಣ್ಣ ಮುಂದೆ ಬಂದರು. ಆಗ ನಮಗೆ ಸಿಟ್ಟು ಬರುತ್ತಿತ್ತು. ಸೋಮವಾರ ಹೋಗಿ ನಾಲ್ಕನೇ ಸಲ ಪ್ರಯೋಗ ಮಾಡಿದೆ. ಒಂದೊಂದು ರೀಡಿಂಗನ್ನೂ ಎರಡೆರಡು ಸಲ ನೋಡಿದೆ. ಬಂತು.

ಕೋಟೆಯಲ್ಲಿ ಇನ್ನೊಂದು ಮ್ಯೂಸಿಯಮ್ಮಿದೆ. ಅದರಲ್ಲಿ ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ, ಉದ್ದ 5 ಸೆಂಟಿಮೀಟರೂ ಇಲ್ಲ. ಫೋಗೆಲ್‌ಹೆರ್ಡ್ ಅನ್ನೋ ಗುಹೆಯಲ್ಲಿ 1931ರಲ್ಲಿ ಸಿಕ್ಕಿದ್ದು, ಸುಮಾರು 40 ಸಾವಿರ ವರ್ಷ ಹಳೆಯದು. ಬಾಗಿದ ಕತ್ತು ನೋಡಿದರೆ ನಿನ್ನೆ ಮೊನ್ನೆ ಯಾರೋ ಮಾಡಿದ ಹಾಗಿದೆ. ಯಾರಾದರೂ ಆ ಕಡೆ ಹೋದರೆ ತಪ್ಪಿಸಬೇಡಿ.

ಇನ್ನು ನಮ್ಮ ಕನ್ನಡ ಸರ್ ವಿಷಯ. ವಿಜ್ಞಾನದವರಿಗೆ ಕನ್ನಡ ವಾರಕ್ಕೆ ನಾಲ್ಕೇ ಪೀರಿಯಡ್ಡು. ಅಷ್ಟರಲ್ಲೂ ಸರ್ ನಮ್ಮನ್ನು ಲೈಬ್ರರಿಗೆ ಕರೆದುಕೊಂಡು ಹೋಗಿ ಕಿಟೆಲ್ ನಿಘಂಟು ತೆಗೆಸುತ್ತಿದ್ದರು. ಒಂದು ಪದ ಹುಡುಕಿದರೆ ಸಾಲದು, ಅದರ ಮೇಲಿನದನ್ನೂ ಕೆಳಗಿನದನ್ನೂ ಓದಬೇಕು, ಅದು ಸರ್ ಹಾಕಿದ ನಿಯಮ. ಆ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಸುಮಾರು 70 ಸಾವಿರ ಪದ. ಪದದ ಜೊತೆ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿರುವ ನಂಟಿನ ಪದಗಳನ್ನೂ ಕೊಡುತ್ತಾರೆ, ನಡುನಡುವೆ ಗಾದೆಗಳನ್ನೂ. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆ ಇರುವುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆದರೆ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗೆನ್‌ನಲ್ಲಿ, 1903ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದೂ ಅಲ್ಲೇ. ಈ ನಿಘಂಟಿಗಾಗಿ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ನಾನು ಓದಿದ ಇದೇ ವಿಶ್ವವಿದ್ಯಾಲಯ. ನನಗೆ ಇದು ತಿಳಿದದ್ದು ಅಲ್ಲಿಗೆ ಹೋಗಿ ಎಂಟು ತಿಂಗಳಾದ ಮೇಲೆ. ಆವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗೆನ್‌ನಲ್ಲೇ ಓದಿದವರು. ನಮ್ಮ ಹಳೇ ಕಾವ್ಯಗಳನ್ನು, ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಿದ್ದಕ್ಕೆ ಅವರಿಗೂ ಅಲ್ಲಿಂದಲೇ 1858ರಲ್ಲಿ ಗೌರವ ಡಾಕ್ಟರೇಟ್ ಸಿಕ್ಕಿತ್ತು. ಧರ್ಮ ಸಾರಲು ಬಂದವರು ನಮ್ಮ ಭಾಷೆಯನ್ನು ಇಷ್ಟು ಹಚ್ಚಿಕೊಂಡರಲ್ಲ ಅಂತ ಅಚ್ಚರಿಯಾಗುತ್ತದೆ.

ಮತ್ತೆ ಕೋಟೆಗೆ ಬರುತ್ತೇನೆ. ಆ ಕಾಲದಲ್ಲಿ ಗ್ರಂಥಾಲಯ ಇದ್ದದ್ದು ಕೋಟೆಯ ಮೇಲೇ, 1912ರವರೆಗೂ. ಅದರ ಮುಖ್ಯಸ್ಥರಾಗಿ ಸುಮಾರು ನಲವತ್ತು ವರ್ಷ ಇದ್ದವರು ರುಡಾಲ್ಫ್ ರೋಟ್, ಬೋಟ್ಲಿಂಕ್ ಅನ್ನೋ ಇನ್ನೊಬ್ಬ ಸಂಸ್ಕೃತ ಪಂಡಿತರ ಜೊತೆ ಸೇರಿ ಸಂಸ್ಕೃತ-ಜರ್ಮನ್ ಮಹಾ ನಿಘಂಟನ್ನು ಮಾಡಿದವರು. ಏಳು ಸಂಪುಟ, 1855ರಿಂದ 1875ರವರೆಗೆ ಒಂದೊಂದಾಗಿ ಬಂದವು. ಅಂದರೆ ಮೀಶರ್ ಅಡುಗೆಮನೆಯಲ್ಲಿ ಕೀವು ತೊಳೆಯುತ್ತಿದ್ದ ದಿನಗಳಲ್ಲಿ ಅದೇ ಕೋಟೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ವೇದದ ಒಂದೊಂದು ಪದವನ್ನು ಬಿಡಿಸಿ ಬರೆಯುತ್ತಿದ್ದರು. ಅಂಗಳದಲ್ಲಿ ಇಬ್ಬರೂ ಎದುರುಬದುರು ಆಗಿರಬಹುದು. ಮುಂದೆ ವಯಸ್ಸಾದ ಕಿಟೆಲ್ ಕೂಡ ಪುಸ್ತಕಕ್ಕಾಗಿ ಅದೇ ಏರು ಹತ್ತಿರಬಹುದು. ಇದು ನನ್ನ ಊಹೆ. ಆದರೂ ಆಮೇಲೆ ಬುರ್ಗ್‌ಶ್ಟೈಗೆ ಹತ್ತುವಾಗಲೆಲ್ಲ ನನಗೆ ಒಬ್ಬಳೇ ಹತ್ತುತ್ತಿದ್ದೇನೆ ಅನ್ನಿಸಲಿಲ್ಲ.

ಓದು ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಊರೊಳಗಿನ ಈಗಿನ ಗ್ರಂಥಾಲಯಕ್ಕೆ ಹೋಗಿ ಕಿಟೆಲ್ ನಿಘಂಟು ತೆಗೆಸಿದೆ. ಹೊರಗೆ ಮಂಜು ಬೀಳುತ್ತಿತ್ತು. ಅಷ್ಟು ದಪ್ಪದ ಪುಸ್ತಕ, ಅದೇ ಹಳೇ ಅಕ್ಷರ. ಯಾವ ಪದ ನೋಡಲಿ ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ 'ಕೀವು' ಹುಡುಕಿದೆ. ಇತ್ತು. ಆ ಪುಟದ ಫೋಟೋ ತೆಗೆದು ಮೇಡಂಗೂ ಸರ್‌ಗೂ ಕಳಿಸಿದೆ. ಮೇಡಂ ಅಡುಗೆಮನೆಯ ಫೋಟೋನೂ ಕಳಿಸು, ಈ ವರ್ಷದ ಮಕ್ಕಳಿಗೆ ತೋರಿಸಬೇಕು ಅಂದರು. ಸರ್ ಉತ್ತರ ರಾತ್ರಿ ಬಂತು, ಒಂದೇ ಸಾಲು: "ಮೇಲಿನದು, ಕೆಳಗಿನದು ಓದಿದೆಯೇನಮ್ಮಾ?"