ಫೋಟೊ ತೆಗೆದುಕೊಂಡು ಹೋದರು

ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮದು ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಕೊಟ್ಟಿತಲ್ಲ, ಅದರಲ್ಲಿ ನಮ್ಮದೂ ಇತ್ತು. ಆಮೇಲೆ ನಮ್ಮ ಭಾಗಕ್ಕೆ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ಕಲಂ ಬಂತು, ನನಗೆ ಕಾಲೇಜು ಸೀಟು ಸಿಕ್ಕಿದ್ದೇ ಅದರಿಂದ, ಸುಳ್ಳು ಹೇಳಬಾರದು. ದೊಡ್ಡವ್ವನಿಗೆ ಸಿಕ್ಕಿದ್ದು ಒಂದು ಪಾಯಖಾನೆ, ಒಂದು ನಳ.

ಸ್ವಚ್ಛ ಭಾರತದ 12 ಸಾವಿರ ರೂಪಾಯಿಯಲ್ಲಿ ಕಟ್ಟಿದ ಆ ಪಾಯಖಾನೆಯಲ್ಲಿ ಈಗ ಕುಳ್ಳು, ಹತ್ತಿಕಟ್ಟಿಗೆ ತುಂಬಿವೆ. ಬೆಂಗಳೂರಲ್ಲಿ ಇದನ್ನು ಹೇಳಿದರೆ ಹಳ್ಳಿ ಜನಕ್ಕೆ ಬುದ್ಧಿ ಬರಲ್ಲ ಬಿಡು ಅಂತ ನಗುತ್ತಾರೆ. ನೀರೆಲ್ಲಿದೆ ಅಂತ ಒಬ್ಬರೂ ಕೇಳಲ್ಲ. ಮನೆ ಮುಂದೆ ಜಲಜೀವನ್ ನಳ ಇದೆ, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಅದಕ್ಕೆ ಎಮ್ಮೆಕರು ಕಟ್ಟಿದ್ದಾರೆ. ದೊಡ್ಡವ್ವ ಮಾತ್ರ ಊರಾಚೆಯ ಬೋರಿನಿಂದ ತಲೆ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ತರುತ್ತಾಳೆ.

"ಕುಡಿಯಾಕ ತಂದ ನೀರು ಪಾಯಖಾನಿಗೆ ಸುರೀಲೇನೋ ತಮ್ಮಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉದ್ಯೋಗ ಖಾತ್ರಿ ಕೆಲಸದ ಕಥೆ ಇನ್ನೂ ಚೆಂದ. 2023ರಿಂದ ಹಾಜರಿಗೆ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಕೂಲಿಯವರ ಫೋಟೊ ಹಾಕಬೇಕಾಗಿತ್ತು. ಕೆರೆ ಹೂಳು ತೆಗೆಯುವ ಕಡೆ ನೆಟ್‌ವರ್ಕೇ ಇಲ್ಲ. ಕೂಲಿಯವರ ಗುಂಪು ನೋಡಿಕೊಳ್ಳುವ ಕಾಯಕಬಂಧು ಮೊಬೈಲ್ ಎತ್ತಿ ಹಿಡಿದು ಏರಿ ಮೇಲೆಲ್ಲಾ ಓಡಾಡಿದರೂ ಫೋಟೊ ಹೋಗಲಿಲ್ಲ, ಬಿಸಿಲಲ್ಲಿ ಮಣ್ಣು ಹೊತ್ತ ಮೂರು ದಿನ ಸುಮ್ನೆ ಹೋದವು. ಉಳಿದ ಕೂಲಿ 15 ದಿನದೊಳಗೆ ಬರಬೇಕು ಅಂತ ಕಾನೂನೇ ಇದೆ. ಬಂದಿದ್ದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ದೊಡ್ಡವ್ವನ ಮಗ, ಸೊಸೆ ಮೇಸ್ತ್ರಿ ಕೊಟ್ಟ ಅಡ್ವಾನ್ಸ್ ಹಿಡಿದು ಬೆಂಗಳೂರಿಗೆ ಗುಳೆ ಹೋಗಿದ್ದರು. ಎರಡು ಮಕ್ಕಳನ್ನು ದೊಡ್ಡವ್ವನ ಹತ್ತಿರ ಬಿಟ್ಟಿದ್ದಾರೆ. ಅವರ ತಗಡಿನ ಶೆಡ್ಡು ನನ್ನ ರೂಮಿನಿಂದ ದೂರವೇನಿಲ್ಲ, ಆದರೂ ನಾನು ಹೋಗಿದ್ದು ಒಂದೇ ಸಲ. ಅಲ್ಲಿ ಟ್ಯಾಂಕರ್ ನೀರಾದರೂ ದಿನಾ ಬರುತ್ತೆ.

ಪಾಯಖಾನೆ ಕಟ್ಟಿದಾಗ ದೊಡ್ಡವ್ವನನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದಿದ್ದರಂತೆ. ನಳ ಕೂರಿಸಿದ ದಿನವೂ ಅಷ್ಟೇ. ಎರಡೂ ಫೋಟೊ ತಕ್ಷಣ ಹೋದವು, ಅದಕ್ಕೆ ನೆಟ್‌ವರ್ಕ್ ಸಿಕ್ಕಿತ್ತು ನೋಡಿ.

ಹೊರಡುವ ಮುಂಚೆ ಆ ಕುಳ್ಳಿನ ರಾಶಿದೊಂದು ಫೋಟೊ ಇರಲಿ ಅಂತ ಮೊಬೈಲ್ ತೆಗೆದೆ. ದೊಡ್ಡವ್ವ ರೊಟ್ಟಿ ಬಡಿಯೋದು ಬಿಟ್ಟು ಬಂದಳು. ಹಿಟ್ಟಿನ ಕೈ ಒರೆಸಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಪಕ್ಕ ನೆಟ್ಟಗೆ ನಿಂತಳು.

"ಮತ್ತೇನರ ಬಂತೇನೋ?"