ಪೋರ್ಟ್ ಲೂಯಿಸ್‌ನಲ್ಲಿ ನಮ್ಮೂರಿನ ಕಲ್ಲು

ಪೋರ್ಟ್ ಲೂಯಿಸ್‌ಗೆ ನಾವು ಮೊದಲ ಸಲ ಹೋದದ್ದು ಭಾನುವಾರ ಮಧ್ಯಾಹ್ನ. ಮಾರಿಷಸ್‌ನಲ್ಲಿ ಯಾರನ್ನು ಕೇಳಿದ್ದರೂ ಬೇಡ ಅನ್ನುತ್ತಿದ್ದರು. ಕೇಳಬೇಕು ಅಂತ ನಮಗೇ ಹೊಳೆಯಲಿಲ್ಲ. ಅಂಗಡಿಗಳಿಗೆಲ್ಲ ಬೀಗ. ಮಾರ್ಕೆಟ್ ಬೆಳಿಗ್ಗೆಯೇ ಮುಗಿದಿತ್ತು. ನೆಲ ತೊಳೆದ ನೀರು ಮಾತ್ರ ಇನ್ನೂ ಚರಂಡಿಯ ಕಡೆ ಹರಿಯುತ್ತಿತ್ತು. ಒಂದು ದೇಶದ ರಾಜಧಾನಿ, ದೊಡ್ಡ ಬಂದರು ಬೇರೆ. ಆ ರಸ್ತೆಯಲ್ಲಿ ಇದ್ದದ್ದು ನಾನು, ಅಕ್ಕ ಮತ್ತು ಮೂರು ನಾಯಿ.

ಬೇರೇನೂ ಕೆಲಸ ಇರಲಿಲ್ಲ, ಹಾಗಾಗಿ ಗೋಡೆಗಳನ್ನು ನೋಡಿದೆವು. ಹಳೆಯ ಗೋದಾಮುಗಳು, ಸರ್ಕಾರಿ ಕಟ್ಟಡಗಳು, ಕಾಂಪೌಂಡು, ಕೆಲವು ಕಡೆ ಕಾಲಡಿಯ ಹಾಸುಗಲ್ಲು ಕೂಡ ಒಂದೇ ಕರಿಕಲ್ಲು. ಹತ್ತಿರ ಹೋದರೆ ಮೈತುಂಬ ಸಣ್ಣ ಸಣ್ಣ ತೂತು, ಸೆಟ್ ದೋಸೆಯ ಮೇಲಿರುತ್ತಲ್ಲ, ಹಾಗೆ. ಅಕ್ಕ ಒಂದು ಗೋಡೆಗೆ ಅಂಗೈ ಒತ್ತಿ ನಿಂತಳು. ಬಿಸಿಲಿಗೆ ಕಾದಿತ್ತು, ಆದರೂ ಕೈ ತೆಗೆಯಲಿಲ್ಲ.

‘ಏ, ಇದು ನಮ್ಮೂರ ಕಲ್ಲೇ ಅದ ನೋಡು.’

ನಮ್ಮೂರು ವಿಜಯಪುರ. ಗೋಳಗುಮ್ಮಟದ ಕಲ್ಲು, ನಮ್ಮ ಹಿತ್ತಲ ಗೋಡೆಯ ಕಲ್ಲು, ಎರೆಹೊಲದಲ್ಲಿ ನೇಗಿಲಿಗೆ ತಾಗುವ ಕಲ್ಲು, ಎಲ್ಲ ಹೀಗೇ ಕಪ್ಪು. ನಾನು ನಕ್ಕೆ. ಆರು ತಾಸು ವಿಮಾನದಲ್ಲಿ ಕೂತು, ಸಮುದ್ರ ದಾಟಿ ಬಂದು ಊರ ಕಲ್ಲು ಹುಡುಕುವವಳು ನಮ್ಮಕ್ಕ ಒಬ್ಬಳೇ ಇರಬೇಕು.

ರಾತ್ರಿ ರೂಮಿಗೆ ಬಂದು ಫೋನಿನಲ್ಲಿ ಓದುತ್ತಾ ಕೂತಾಗ ನಗು ನಿಂತಿತು. ಅವಳು ಹೇಳಿದ್ದು ಹೆಚ್ಚುಕಮ್ಮಿ ನಿಜ.

ಹಿಂದೂ ಮಹಾಸಾಗರದ ಈ ಭಾಗದಲ್ಲಿ ಭೂಮಿಯ ಆಳದಿಂದ ಬಿಸಿ ಉಕ್ಕಿಬರುವ ಒಂದು ಜಾಗ ಇದೆ. ಅದೊಂದು ಒಲೆ ಅಂದುಕೊಳ್ಳಿ. ಒಲೆ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು, ಮೇಲಿನ ಹಂಚು ಸರಿಯುತ್ತಾ ಹೋಯಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಒಲೆಯ ಮೇಲಿದ್ದದ್ದು ಭಾರತ. ಆಗ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಗಟ್ಟಿಯಾಗಿ ದಖನ್ ಪ್ರಸ್ಥಭೂಮಿಯ ಕರಿಕಲ್ಲಾಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆಮಣ್ಣು ಬಂದದ್ದು ಆ ಕಲ್ಲು ಕರಗಿ. ಭಾರತ ಉತ್ತರಕ್ಕೆ ಸರಿಯಿತು. ಒಲೆ ಉರಿಯುತ್ತಲೇ ಇತ್ತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳ ತಳದಲ್ಲಿರುವುದು ಅದೇ ಉರಿಯ ಗುರುತು. 80-90 ಲಕ್ಷ ವರ್ಷಗಳ ಹಿಂದೆ ಸಮುದ್ರದಿಂದ ಮೇಲೆದ್ದದ್ದು ಮಾರಿಷಸ್. ಈಗ ಆ ಒಲೆ ಪಕ್ಕದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಜ್ವಾಲಾಮುಖಿ ಪಿಟೋನ್ ದ ಲಾ ಫುರ್ನೇಸ್ ಇವತ್ತಿಗೂ ಬೆಂಕಿ ಕಾರುತ್ತದೆ. ಮಾರಿಷಸ್‌ನ ಒಲೆ ಆರಿದೆ, ಬೂದಿ ತಣ್ಣಗಾಗಿದೆ.

‘ಹೇಳಿದ್ನಿಲ್ಲೋ?’ ಅಂದಳು ಅಕ್ಕ. ಉಳಿದ ನಾಲ್ಕು ದಿನವೂ ಇದನ್ನೇ ಹೇಳುತ್ತಿದ್ದಳು.

ಸೋಮವಾರ ಮತ್ತೆ ಹೊರಟೆವು. ನಾವು ಉಳಿದುಕೊಂಡದ್ದು ಕಾತ್ರ್ ಬೋರ್ನ್ ಎಂಬ ಊರಿನಲ್ಲಿ, ಒಂದು ಮನೆಯ ಮೇಲಿನ ರೂಮಿನಲ್ಲಿ. ಅದು ದ್ವೀಪದ ನಡುವಿನ ಎತ್ತರದ ಜಾಗ. ಬೆಳಿಗ್ಗೆ ಸಣ್ಣ ಮಳೆ, ಸ್ವೆಟರ್ ಹಾಕುವಷ್ಟು ಚಳಿ. ಮೆಟ್ರೊ ಹತ್ತಿ ಇಳಿಜಾರಿನಲ್ಲಿ ಕೆಳಗೆ ಬಂದಂತೆ ಮಳೆ ನಿಂತಿತು, ಸ್ವೆಟರ್ ಬ್ಯಾಗಿಗೆ ಹೋಯಿತು. ಪೋರ್ಟ್ ಲೂಯಿಸ್‌ನಲ್ಲಿ ಇಳಿದಾಗ ಬೆವರು. ಅರ್ಧ ಗಂಟೆಯ ದಾರಿಯಲ್ಲಿ ಎರಡು ಹವೆ.

ಈ ಮೆಟ್ರೊ ದಾರಿಗೂ ಒಂದು ಕಥೆ ಇದೆ. ಬಹುಪಾಲು ಅದು ಹಳೆಯ ರೈಲು ಓಡುತ್ತಿದ್ದ ಜಾಗದಲ್ಲೇ ಹೋಗುತ್ತದೆ. ಬ್ರಿಟಿಷರು 1860ರ ದಶಕದಲ್ಲಿ ರೈಲು ಹಾಕಿದರು. ಅದೇ ಹೊತ್ತಿಗೆ ಪೋರ್ಟ್ ಲೂಯಿಸ್‌ನಲ್ಲಿ ಮಲೇರಿಯಾ ಬಂತು. 1867ರಲ್ಲಿ ಊರಿನಲ್ಲಿ ಸಾವಿರಾರು ಜನ ಸತ್ತರು. ಕೈಯಲ್ಲಿ ಕಾಸಿದ್ದವರು ಮೇಲಿನ ತಣ್ಣನೆಯ ಊರುಗಳಿಗೆ, ಕ್ಯೂರ್‌ಪಿಪ್ ಕಡೆಗೆ ಮನೆ ಬದಲಿಸಿದರು. ಕೆಲಸಕ್ಕೆ ಕೆಳಗೆ, ನಿದ್ದೆಗೆ ಮೇಲೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಭಾನುವಾರ ನಮಗೆ ನಾಯಿಗಳಷ್ಟೇ ಸಿಕ್ಕಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಶಾಲೆಯ ಪುಸ್ತಕದಲ್ಲಿ ನಾವು ‘ಪೋರ್ಟ್ ಲೂಯಿಸ್’ ಅಂತ ಬಾಯಿಪಾಠ ಮಾಡಿದ್ದೆವು. ಮೆಟ್ರೊದಲ್ಲಿ ಹಾಗೆ ಕೇಳಿದರೆ ಜನ ನಗುತ್ತಾರೆ. ಫ್ರೆಂಚಿನಲ್ಲಿ ಅದು ‘ಪೋರ್ ಲುಯಿ’. ಅಲ್ಲಿಯವರ ಆಡುಮಾತು ಕ್ರಿಯೋಲ್‌ನಲ್ಲಿ ಇನ್ನೂ ಸುಲಭ, ‘ಪೋರ್ಲ್ವಿ’. ಆದರೆ ನನಗೆ ಶಾಲೆಯ ಉಚ್ಚಾರ ಬಿಡಲಾಗಲಿಲ್ಲ.

ಬಂದರಿನ ಕಟ್ಟೆಯಲ್ಲಿ ನಿಂತು ಸಮುದ್ರಕ್ಕೆ ಬೆನ್ನು ಮಾಡಿದರೆ ಊರು ಪೂರ್ತಿ ಅರ್ಥವಾಗುತ್ತದೆ. ಮೂರು ಕಡೆ ಬೆಟ್ಟ, ನಡುವೆ ಒಂದು ಬಟ್ಟಲು, ಬಟ್ಟಲಿನ ತಳದಲ್ಲಿ ಊರು. ಆ ಬೆಟ್ಟಗಳು ದ್ವೀಪದ ಮೊದಲ ದೊಡ್ಡ ಜ್ವಾಲಾಮುಖಿ ಸವೆದು ಉಳಿದ ಅಂಚು. ಒಂದರ ತುದಿ ಹೆಬ್ಬೆರಳು ಎತ್ತಿದಂತಿದೆ. ಅದರ ಹೆಸರೂ ಅದೇ, ಲ ಪೂಸ್, 812 ಮೀಟರ್. ಅದಕ್ಕಿಂತ ತುಸು ಎತ್ತರದ ಪೀಟರ್ ಬೋತ್ ಬೆಟ್ಟದ ನೆತ್ತಿಯ ಮೇಲೆ ಒಂದು ದೊಡ್ಡ ಬಂಡೆ ಕೂತಿದೆ, ಇವತ್ತೋ ನಾಳೆಯೋ ಉರುಳುವಂತೆ. ಅಲ್ಲಿಯವರು ಅದಕ್ಕೆ ಹಾಲು ಮಾರುವವನ ಕಥೆ ಹೇಳುತ್ತಾರೆ. ಬೆಟ್ಟದಲ್ಲಿ ಅಪ್ಸರೆಯರು ಕುಣಿಯುವುದನ್ನು ಅವನು ನೋಡಿದ. ಯಾರಿಗೂ ಹೇಳಬೇಡ ಅಂದರೂ ಹೇಳಿದ. ಕಲ್ಲಾದ. ಬಾಯಿ ಬಿಟ್ಟು ಕಲ್ಲಾದವರ ಕಥೆ ನಮ್ಮಲ್ಲಿ ಊರಿಗೊಂದು ಇದೆ, ಅಲ್ವಾ?

ಬೆಟ್ಟದ ಬಟ್ಟಲು ಚಂದ, ಆದರೆ ಜೋರು ಮಳೆ ಬಂದರೆ ಕಷ್ಟ. ಮೇಲಿನ ನೀರೆಲ್ಲ ಇಳಿಯುವುದು ಊರಿನೊಳಕ್ಕೇ. 2013ರ ಮಾರ್ಚ್ 30ರಂದು ಒಂದೆರಡು ತಾಸಿನ ಮಳೆಗೆ ಹನ್ನೊಂದು ಜನ ಸತ್ತರು. ಕಾಲ್ನಡಿಗೆಯ ಸುರಂಗದೊಳಗೆ ನೀರು ನುಗ್ಗಿತ್ತು.

ಬಂದರು ಕಟ್ಟಿದ್ದು ಇಲ್ಲೇ ಯಾಕೆ? ಇದನ್ನು ಗಾಳಿ ಹೇಳುತ್ತದೆ. ಮಾರಿಷಸ್‌ಗೆ ವರ್ಷದ ಹೆಚ್ಚು ದಿನ ಗಾಳಿ ಬೀಸುವುದು ಆಗ್ನೇಯದಿಂದ. 1598ರಲ್ಲಿ ಬಂದ ಡಚ್ಚರು ಆಗ್ನೇಯ ದಡದಲ್ಲೇ ಇಳಿದರು. ಗಾಳಿ ಹಡಗನ್ನು ಒಳಕ್ಕೆ ತಳ್ಳುತ್ತದೆ, ಒಳಗೆ ಬರುವುದು ಸಲೀಸು. ಹೊರಗೆ ಹೋಗುವಾಗ ಎದುರುಗಾಳಿ. ಈ ವಾಯವ್ಯ ಮೂಲೆಯಲ್ಲಿ ಬೆಟ್ಟ ಅಡ್ಡ ನಿಂತು ಗಾಳಿ ತಡೆಯುತ್ತದೆ, ಹಡಗು ಹಾಯಿ ಬಿಚ್ಚಿ ನೆಟ್ಟಗೆ ಹೊರಡಬಹುದು. ಇನ್ನೊಂದು ಕಾರಣ ಹೊಳೆ. ದ್ವೀಪದ ಸುತ್ತ ಹವಳದ ದಿಬ್ಬಗಳ ಬೇಲಿ ಇದೆ. ಹೊಳೆ ಸಮುದ್ರ ಸೇರುವ ಕಡೆ ಸಿಹಿನೀರಿಗೆ ಹವಳ ಬೆಳೆಯುವುದಿಲ್ಲ, ಬೇಲಿಯಲ್ಲಿ ಕಂಡಿ ಬೀಳುತ್ತದೆ. ಹಡಗಿಗೆ ಬೇಕಾದದ್ದು ಆ ಕಂಡಿ.

ಡಚ್ಚರು ಕಬ್ಬು ತಂದರು, ಜಿಂಕೆ ತಂದರು. ಹಾರಲಾರದ ಡೋಡೊ ಹಕ್ಕಿ ಅವರ ಕಾಲದಲ್ಲೇ ಇಲ್ಲವಾಯಿತು. 1710ರಲ್ಲಿ ಬೇಸತ್ತು ಬಿಟ್ಟು ಹೋದರು. 1715ರಲ್ಲಿ ಫ್ರೆಂಚರು ಬಂದು ‘ಐಲ್ ದ ಫ್ರಾನ್ಸ್’ ಅಂತ ಹೆಸರಿಟ್ಟರು. ಬಂದರಿಗೆ ತಮ್ಮ ದೊರೆ ಲೂಯಿಯ ಹೆಸರು.

ಪ್ಲಾಸ್ ದ ಆರ್ಮ್ ಎಂಬ ಚೌಕದ ತಾಳೆಮರಗಳ ಸಾಲಿನ ತುದಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಒಬ್ಬ ನಿಂತಿದ್ದಾನೆ. ಮಾಹೆ ದ ಲಾ ಬೂರ್ದೊನ್ನೆ, 1735ರಲ್ಲಿ ಬಂದ ಗವರ್ನರ್. ಊರು ಕಟ್ಟಿದವನು ಅವನೇ. ಆಸ್ಪತ್ರೆ, ಗೋದಾಮು, ಹಡಗು ರಿಪೇರಿಯ ಕಟ್ಟೆ, ನೀರಿನ ಕಾಲುವೆ. 1746ರಲ್ಲಿ ಇಲ್ಲಿಂದಲೇ ಹಡಗು ಕಟ್ಟಿಕೊಂಡು ಹೋಗಿ ಮದ್ರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡ. ಪ್ರತಿಮೆಯ ಕೆಳಗೆ ಫೋಟೊ ತೆಗೆಸಿಕೊಳ್ಳುವವರ ಸಾಲೇ ಇತ್ತು. ನಮಗೆ ಅವನಿಗಿಂತ ಅವನ ಹಿಂದಿನ ಗೋಡೆಗಳ ಮೇಲೆ ಆಸೆ. ಆ ಕಲ್ಲು ಒಡೆದವರು ಯಾರು? ಮಡಗಾಸ್ಕರ್‌ನಿಂದ, ಆಫ್ರಿಕಾದ ಪೂರ್ವ ದಡದಿಂದ ಹಿಡಿದು ತಂದ ಗುಲಾಮರು. ಪಾಂಡಿಚೇರಿಯಿಂದ ಕರೆತಂದ ಕಲ್ಲುಕುಟಿಗರು, ಬಡಗಿಗಳು. ಅವನು ಕಟ್ಟಿಸಿದ ಆಸ್ಪತ್ರೆ ಈಗ ಗುಲಾಮಗಿರಿಯ ಮ್ಯೂಸಿಯಂ ಆಗಿದೆ.

1810ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಗೆದ್ದರು. ಭಾಷೆ, ಕಾನೂನು, ಕಬ್ಬಿನ ತೋಟ ಫ್ರೆಂಚರದ್ದೇ ಇರಲಿ ಅಂದರು. ಅದಕ್ಕೇ ಇವತ್ತಿಗೂ ಇಲ್ಲಿ ಕಚೇರಿಯ ಕಾಗದ ಇಂಗ್ಲಿಷಿನಲ್ಲಿ, ಪೇಪರ್ ಫ್ರೆಂಚಿನಲ್ಲಿ, ಜಗಳ ಕ್ರಿಯೋಲ್‌ನಲ್ಲಿ. ರಸ್ತೆ ಮಾಡಲು ಬ್ರಿಟಿಷರು 1815ರಿಂದ ಭಾರತದ ಜೈಲುಗಳಿಂದ ಕೈದಿಗಳನ್ನು ಸಾಗಿಸಿದರು. 1836ರಲ್ಲಿ ಬೀಗಲ್ ಹಡಗಿನಲ್ಲಿ ಇಲ್ಲಿಗೆ ಬಂದ ಡಾರ್ವಿನ್ ಲ ಪೂಸ್ ಹತ್ತಿದ. ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಆ ಕೈದಿಗಳನ್ನೂ ನೋಡಿದ. ಅವರ ಬಿಳಿ ಗಡ್ಡ, ಗಂಭೀರ ಮುಖ ನೋಡಿ ಬೆರಗಾಗಿ ಬರೆದುಕೊಂಡ.

ಊರ ನಡುವಿನ ಗುಡ್ಡದ ಮೇಲಿನ ಅಡಿಲೇಡ್ ಕೋಟೆ ಅದೇ ಕಾಲದ್ದು. ಪೂರ್ತಿ ಕರಿಕಲ್ಲು. ಗುಲಾಮಗಿರಿ ರದ್ದಾದರೆ ತೋಟದ ಮಾಲೀಕರು ದಂಗೆ ಏಳಬಹುದು ಎಂಬ ಭಯಕ್ಕೆ ಕಟ್ಟಿದ್ದು ಅನ್ನುತ್ತಾರೆ. ಮುಗಿಯುವಾಗ 1840. ಗುಂಡು ಹಾರಿಸುವ ಸಂದರ್ಭವೇ ಬರಲಿಲ್ಲ. ಕೋಟೆಗಿಂತ ಅಲ್ಲಿಂದ ಕಾಣುವುದು ಚಂದ. ಒಂದು ಕಡೆ ಹಡಗು, ಕ್ರೇನು. ಇನ್ನೊಂದು ಕಡೆ 1812ರಿಂದ ಕುದುರೆ ಓಡುತ್ತಿರುವ ಶಾಂ ದ ಮಾರ್ಸ್ ಮೈದಾನ. 1968ರ ಮಾರ್ಚ್ 12ರಂದು ಸ್ವತಂತ್ರ ದೇಶದ ಬಾವುಟ ಏರಿದ್ದು ಅದೇ ಮೈದಾನದಲ್ಲಿ. ತಾರೀಖು ಗಮನಿಸಿ. ಗಾಂಧೀಜಿ ದಂಡಿಗೆ ಹೊರಟ ದಿನ ಅದು. ಗಾಂಧೀಜಿಯೂ 1901ರಲ್ಲಿ ಹಡಗು ನಿಂತಾಗ ಈ ಊರಿನಲ್ಲಿ ಇಳಿದಿದ್ದರು.

ಬ್ಲೂ ಪೆನ್ನಿ ಎಂಬ ಮ್ಯೂಸಿಯಂನಲ್ಲಿ 1847ರ ಎರಡು ಅಂಚೆಚೀಟಿ ನೋಡಿದೆವು, ಒಂದು ಕಿತ್ತಳೆ, ಒಂದು ನೀಲಿ. ಕೋಟಿಗಟ್ಟಲೆ ಬೆಲೆ. ಬಣ್ಣ ಮಾಸಬಾರದು ಅಂತ ತಾಸಿಗೆ ಸ್ವಲ್ಪ ಹೊತ್ತು ಮಾತ್ರ ದೀಪ ಹಾಕುತ್ತಾರೆ. ಅಷ್ಟರಲ್ಲಿ ನನ್ನ ಮುಂದೆ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಮುಂದಿನ ದೀಪದವರೆಗೆ ಕಾಯಲು ಅಕ್ಕ ಒಪ್ಪಲಿಲ್ಲ. ಹೊಟ್ಟೆ ಹಸಿದಿತ್ತು.

ಮಾರ್ಕೆಟ್ ಹತ್ತಿರ ಗಾಜಿನ ಪೆಟ್ಟಿಗೆಯ ಗಾಡಿಯ ಮುಂದೆ ಕ್ಯೂ. ಧೋಲ್ ಪುರಿ. ಕಡಲೆಬೇಳೆ ಬೇಯಿಸಿ, ಪುಡಿ ಮಾಡಿ, ಕಣಕದೊಳಗೆ ತುಂಬಿ ಕರವಸ್ತ್ರದಷ್ಟು ತೆಳ್ಳಗೆ ಲಟ್ಟಿಸಿದ್ದು. ಬೆಲ್ಲ ಮರೆತ ಹೋಳಿಗೆ! ಒಂದು ಯಾರೂ ಕೇಳುವುದಿಲ್ಲ, ಜೋಡಿಯೇ. ಎರಡನ್ನೂ ಒಂದರ ಮೇಲೊಂದು ಹಾಕಿ, ದಪ್ಪ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಚಟ್ನಿ ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಟ್ಟ. ‘ಪಿಮಾ?’ ಅಂದ. ಮೆಣಸಿನಕಾಯಿ. ವಿಜಯಪುರದವರನ್ನು ಹೀಗೆ ಕೇಳಬಾರದು. ‘ಹಾಕಪ್ಪಾ’ ಅಂದಳು ಅಕ್ಕ, ಕನ್ನಡದಲ್ಲೇ. ಅವನಿಗೆ ತಿಳಿಯಿತು.

ಮಧ್ಯಾಹ್ನ ಆಪ್ರವಾಸಿ ಘಾಟ್. ಬಂದರಿನ ಪಕ್ಕದಲ್ಲೇ ಇದೆ, ಈಗ ಹೆದ್ದಾರಿ ಸದ್ದು ಅದರ ಮೈಮೇಲೇ. ಮೊದಲು ಅದಕ್ಕೆ ‘ಕೂಲಿ ಘಾಟ್’ ಅನ್ನುತ್ತಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು ಕಲ್ಕತ್ತಾದಿಂದ 36 ಜನರನ್ನು ತಂದು ಈ ಬಂದರಿನಲ್ಲಿ ಇಳಿಸಿತು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಗುಲಾಮರು ಕೈತಪ್ಪುವ ಹೊತ್ತಿಗೆ ಕಬ್ಬು ಕಡಿಯಲು ಆಳು ಬೇಕಿತ್ತಲ್ಲ. ಹೀಗೆ ಬಂದವರನ್ನು ಇಳಿಸಿಕೊಳ್ಳಲು 1849ರಿಂದ ಈ ಡಿಪೊ ಎದ್ದಿತು. ಕಲ್ಕತ್ತಾ, ಮದ್ರಾಸು, ಬಾಂಬೆಯಿಂದ ಒಟ್ಟು ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಜನ ಬಂದರು. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ನೋಡಲು ದೊಡ್ಡದೇನೂ ಇಲ್ಲ. ಸ್ವಲ್ಪ ಗೋಡೆ, ಒಂದು ಅಂಗಳ, ಆಸ್ಪತ್ರೆಯ ಕೋಣೆಗಳು, ಕಲ್ಲಿನ ಪಾಯಿಖಾನೆಗಳ ಸಾಲು. ಕೊನೆಗೆ ನೀರಿನಿಂದ ಮೇಲೆ ಬರುವ ಮೆಟ್ಟಿಲು. ನಾನು ಕೂತು ನೋಡಿದೆ. ಮೆಟ್ಟಿಲಿನ ಕಲ್ಲುಗಳ ಅಂಚು ದುಂಡಗಾಗಿದೆ, ತೂತುಗಳಲ್ಲಿ ಸುಣ್ಣದ ಗಾರೆ ಇನ್ನೂ ಬೆಳ್ಳಗೆ ಕೂತಿದೆ. ಹಡಗಿನ ವಾಂತಿ, ವಾಸನೆ, ಎಷ್ಟೋ ವಾರಗಳ ಸಮುದ್ರ ಮುಗಿಸಿ ಕಾಲಿಟ್ಟಾಗ ಮೊದಲು ಸಿಕ್ಕಿದ್ದು ಈ ಕಪ್ಪು ಕಲ್ಲು. ಹೆಸರು ಬರೆದರು, ನಂಬರ್ ಕೊಟ್ಟರು, ಆಮೇಲಿನ ವರ್ಷಗಳಲ್ಲಿ ಫೋಟೊ ಕೂಡ ಹಿಡಿದರು. ಗುಮಾಸ್ತನ ಕಿವಿಗೆ ಕೇಳಿದ ಹೆಸರೇ ಮುಂದೆ ಮನೆತನದ ಹೆಸರಾಯಿತು. ತೋಟಕ್ಕೆ ಹೋದರೆ ಅಲ್ಲೂ ಮೊದಲ ಕೆಲಸ ಕಲ್ಲು ಆರಿಸುವುದು. ಕಬ್ಬಿನ ಗದ್ದೆಗಳ ನಡುವೆ ಅವರು ಒಟ್ಟಿದ ಕರಿಕಲ್ಲಿನ ರಾಶಿಗಳು ಈಗಲೂ ಗುಡ್ಡದ ಹಾಗೆ ನಿಂತಿವೆ. ಪ್ರವಾಸಿಗರು ಅವನ್ನು ಪಿರಮಿಡ್ ಅನ್ನುತ್ತಾರೆ. ನನಗೆ ಬೆನ್ನು ನೋವು ಕಂಡಿತು.

ಸಂಜೆ ವಾಪಸ್ ಬಂದಾಗ ಮನೆಯ ಒಡತಿ ಹಿತ್ತಲಲ್ಲಿದ್ದರು. ಅರವತ್ತು ದಾಟಿದ ಹೆಂಗಸು. ಅವರ ಮುತ್ತಜ್ಜಿ ಬಂದದ್ದು ಬಿಹಾರದಿಂದ. ಅಕ್ಕನ ಹರಕು ಹಿಂದಿ, ಅವರ ಭೋಜಪುರಿ, ಹೇಗೋ ಇಬ್ಬರಿಗೂ ನಡೆಯುತ್ತಿತ್ತು. ನೆಲದ ಮೇಲೆ ಒಂದು ಅಗಲ ಕರಿಕಲ್ಲು, ಮೇಲೊಂದು ಉದ್ದನೆಯ ಗುಂಡು. ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ ಅರೆಯುತ್ತಿದ್ದರು.

‘ರೋಸ್ ಕಾರಿ’ ಅಂದರು ಅಗಲ ಕಲ್ಲು ತೋರಿಸಿ. ಕರ್ರಿ ಮಸಾಲೆ ಅರೆಯುವ ಕಲ್ಲು.

‘ಮತ್ತೆ ಇದು?’ ಅಂತ ಅಕ್ಕ ಗುಂಡಿನ ಕಡೆ ಕೈ ಮಾಡಿದಳು.

‘ಬಾಬಾ.’

ಬಾಬಾ ಅಂದರೆ ಕ್ರಿಯೋಲ್‌ನಲ್ಲಿ ಕೂಸು. ತಾಯಿ ಕಲ್ಲು, ಕೂಸು ಕಲ್ಲು.

ಅಕ್ಕ ನನ್ನ ಮುಖ ನೋಡಿದಳು. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ. ಒಳಕಲ್ಲಿನ ಗುಂಡಕಲ್ಲಿಗೆ ಕುಂಚಿಗೆ ಕಟ್ಟಿ, ಅದನ್ನು ಗುಂಡಪ್ಪ ಅಂತ ಕರೆದು, ಮಲಗಿಸಿ ತೂಗುತ್ತೇವೆ. ಆಮೇಲೆ ಕೂಸು. ಒಡತಿಗೆ ಇದನ್ನು ಹೇಳಲು ಅಕ್ಕ ಹತ್ತು ನಿಮಿಷ ಒದ್ದಾಡಿದಳು, ಕೈಯಲ್ಲಿ ತೂಗಿ ತೋರಿಸಿದಳು. ಅರ್ಥವಾದ ಮೇಲೆ ಅವರು ಸೆರಗಿಲ್ಲದ ಫ್ರಾಕಿನ ತುದಿಯಿಂದ ಬಾಬಾನನ್ನು ಒರೆಸಿ, ಇನ್ನೂ ಅಷ್ಟಿಷ್ಟು ಮಸಾಲೆ ಅಂಟಿದ್ದ ಹಾಗೆಯೇ ಅವಳ ಮಡಿಲಿಗೆ ಇಟ್ಟರು.

ನಾನು ಫೋಟೊ ತೆಗೆದು ಅವ್ವನಿಗೆ ಕಳಿಸಿದೆ. ಅಲ್ಲಿ ನಮಗಿಂತ ಒಂದೂವರೆ ತಾಸು ಮುಂದೆ, ಮಲಗಿರಬೇಕು ಅಂದುಕೊಂಡೆ. ತಕ್ಷಣ ಫೋನೇ ಬಂತು.

‘ಅಷ್ಟು ದೂರ ಹೋಗಿ ಗುಂಡಪ್ಪನ್ನ ಯಾಕ ಹೊತ್ತುಕೊಂಡು ಕುಂತಾಳ ಆಕಿ?’